ಅವ್ವ ಅನ್ನೋದು ಕೆಲಸದ ಹೆಸರಲ್ಲ

ಕನ್ನಡ ಕಾವ್ಯದಲ್ಲಿ ತಾಯಿಯ ಹೊಗಳಿಕೆಗೆ ಬರಗಾಲ ಬಂದದ್ದೇ ಇಲ್ಲ. ಮಳೆ ಕೈಕೊಟ್ಟ ವರ್ಷವೂ ತಾಯಿಯ ಮೇಲಿನ ಕವಿತೆ ಹುಲುಸಾಗಿಯೇ ಬೆಳೆದಿದೆ. ಆಕೆ ಕರುಣಾಮಯಿ, ತ್ಯಾಗಮಯಿ, ಭೂಮಿತೂಕದವಳು. ಆಕೆ ಉರಿಯುವ ದೀಪ, ಕರಗುವ ಮೇಣದಬತ್ತಿ, ತೇಯುವ ಗಂಧದ ಕೊರಡು. ಉರಿಯೋದು, ಕರಗೋದು, ತೇಯೋದು. ಈ ಮೂರು ಮಾತನ್ನು ಸ್ವಲ್ಪ ಗಮನಿಸಿ. ಮೂರರಲ್ಲೂ ಆಕೆ ಏನನ್ನೂ ಮಾಡೋದಿಲ್ಲ. ಆಕೆಗೆ ಏನೋ ಆಗುತ್ತೆ ಅಷ್ಟೆ. ನೀರು ತಂದವಳು, ಸೌದೆ ಹೊತ್ತವಳು, ಕಳೆ ಕಿತ್ತವಳು, ಮುದ್ದೆ ತೊಳಸಿದವಳು, ಎಂಟು ಹೆತ್ತು ಮೂರನ್ನು ಮಣ್ಣು ಮಾಡಿದವಳು ಇಲ್ಲಿ ಬಂದು ಮೇಣದಬತ್ತಿ ಆಗಿಬಿಡುತ್ತಾಳೆ. ಮೇಣದಬತ್ತಿಗೆ ಕೂಲಿ ಕೊಡುವವರು ಯಾರು? ಅದಕ್ಕೆ ರಜೆ ಬೇಕೆ? ಅದರ ಸೊಂಟ ನೋಯುತ್ತದೆಯೆ?

ಹೆಣ್ಣಿನ ದುಡಿಮೆಯನ್ನು ನಮ್ಮ ಕಾವ್ಯ ಕಂಡೇ ಇಲ್ಲ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಕಂಡಿದೆ. ಆದರೆ ಕಂಡ ಕೂಡಲೇ ಅದಕ್ಕೆ ಬೇರೆ ಹೆಸರಿಟ್ಟಿದೆ. ದುಡಿಮೆಗೆ ತ್ಯಾಗ ಎಂದು ಹೆಸರಿಟ್ಟಿತು. ದುಡಿದವಳಿಗೆ ತಾಯಿ ಎಂದು ಹೆಸರಿಟ್ಟಿತು. ಈ ಎರಡು ಹೆಸರುಗಳ ನಡುವೆ ಅವಳ ಕೂಲಿ, ಅವಳ ಹೊತ್ತು, ಅವಳ ಮೈ ಮೂರೂ ಕಳೆದುಹೋದವು. ಹೆಸರು ಇಡುವುದು ಸಣ್ಣ ವಿಷಯವಲ್ಲ. ಹೆಸರಿನಿಂದಲೇ ಜಾತಿ ಮಾಡಿದ ನಾಡು ಇದು. ಯಾರನ್ನು ಏನೆಂದು ಕರೆಯುತ್ತೀರಿ ಎನ್ನುವುದರ ಮೇಲೆ ಅವರಿಗೆ ಏನು ಕೊಡುತ್ತೀರಿ ಎನ್ನುವುದು ನಿಂತಿದೆ. ಕಾವ್ಯಕ್ಕೂ ಈ ಮಾತು ಸಲ್ಲುತ್ತದೆ.

ಗಂಡಸನ್ನು ಕವಿತೆ ಹೇಗೆ ಕರೆದಿದೆ ನೋಡಿ. ಅವನು ರೈತ, ಕಮ್ಮಾರ, ಕುಂಬಾರ, ಅಂಬಿಗ. ಕೆಲಸವೇ ಅವನ ಹೆಸರು. ಕುವೆಂಪು ಅವರ ಪ್ರಸಿದ್ಧ ಹಾಡಿನಲ್ಲಿ ಉಳುವವನು ನೇಗಿಲಯೋಗಿ. ಅದು ಇವತ್ತು ರೈತಗೀತೆಯಾಗಿದೆ. ರೈತನನ್ನು ನಾಡಿನ ಎದುರು ತಲೆಯೆತ್ತಿ ನಿಲ್ಲಿಸಿದ ಹಾಡು ಅದು, ಆ ಗೌರವಕ್ಕೆ ನಮ್ಮ ತಕರಾರಿಲ್ಲ. ಆದರೆ ಒಂದು ಪ್ರಶ್ನೆ ಇದೆ. ಬೇಸಾಯದ ನೂರೆಂಟು ಕೆಲಸಗಳಲ್ಲಿ ನೇಗಿಲು ಮಾತ್ರ ಏಕೆ ಬೇಸಾಯದ ಗುರುತಾಯಿತು? ನಮ್ಮ ಬಹುಪಾಲು ಹಳ್ಳಿಗಳಲ್ಲಿ ಹೆಣ್ಣು ನೇಗಿಲ ಮೇಣಿ ಹಿಡಿಯುವ ವಾಡಿಕೆಯಿಲ್ಲ. ನಾಟಿ ಅವಳದು, ಕಳೆ ಅವಳದು, ಹತ್ತಿ ಬಿಡಿಸೋದು ಅವಳದು, ಕೊಯ್ಲಿನಲ್ಲಿ ಪಾಲು ಅವಳದು, ತೂರೋದು ಕೇರೋದು ಅವಳದು. ಅವಳ ಕೈಗೆ ಕೊಡದ ಒಂದೇ ಸಲಕರಣೆಯನ್ನು ಬೇಸಾಯದ ಗುರುತಾಗಿ ಆರಿಸಿಕೊಂಡ ಮೇಲೆ ಅವಳು ಎಲ್ಲಿಗೆ ಹೋಗಬೇಕು? ಕುಡುಗೋಲಿನ ಯೋಗಿನಿ, ಮೊರದ ಯೋಗಿನಿ ನಮ್ಮ ಕಾವ್ಯದಲ್ಲಿ ಹುಟ್ಟಲಿಲ್ಲ. ಹೊಲದಲ್ಲಿ ದಿನವಿಡೀ ಬಗ್ಗಿದವಳು ಕವಿತೆಯೊಳಗೆ ಬರುವಾಗ ಮಡಿಲಲ್ಲಿ ಮಗು ಇಟ್ಟುಕೊಂಡೇ ಬರಬೇಕಾಯಿತು.

ಸರ್ಕಾರದ ಲೆಕ್ಕವೂ ಇದೇ ದಾರಿಯದು. ಮನೆಗೆಲಸ ಮಾತ್ರ ಮಾಡುವ ಹೆಂಗಸನ್ನು ನಮ್ಮ ಜನಗಣತಿ ದುಡಿಯದವರ ಸಾಲಿನಲ್ಲಿ ಬರೆದುಕೊಂಡು ಬಂದಿದೆ. ಕೋಳಿ ಕೂಗುವ ಮೊದಲು ಎದ್ದು ಊರು ಮಲಗಿದ ಮೇಲೆ ಮಲಗುವವಳು ದುಡಿಯದವಳು! ಅದೇ ಸರ್ಕಾರ ಮುಂದೆ ಜನರ ಹೊತ್ತಿನ ಲೆಕ್ಕ ಹಿಡಿದಾಗ ನಿಜ ಹೊರಬಿತ್ತು. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ನೂರಕ್ಕೆ 81 ಹೆಂಗಸರು ಕೂಲಿಯಿಲ್ಲದ ಮನೆಗೆಲಸ ಮಾಡುತ್ತಿದ್ದರು. ಗಂಡಸರು ನೂರಕ್ಕೆ 26. ಹಾಗೆ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟಿದ್ದರೆ ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಅವಳದು 289 ನಿಮಿಷ, ಅವನದು 88. ಐದು ವರ್ಷದಲ್ಲಿ ಅವಳಿಗೆ ದಕ್ಕಿದ ಬಿಡುವು ಹತ್ತು ನಿಮಿಷ. ಅವನೂ ಒಂಬತ್ತು ನಿಮಿಷ ಕೈ ತೊಳೆದುಕೊಂಡಿದ್ದಾನೆ. ಈ ಐದು ಗಂಟೆಯನ್ನು ಜನಗಣತಿ ಸೊನ್ನೆ ಎಂದು ಬರೆಯಿತು. ಕಾವ್ಯ ಅದನ್ನು ವಾತ್ಸಲ್ಯ ಎಂದು ಬರೆಯಿತು. ಎರಡಕ್ಕೂ ಏನು ದೊಡ್ಡ ವ್ಯತ್ಯಾಸ?

ಹಾಗಾದರೆ ನಮ್ಮ ಕಾವ್ಯದಲ್ಲಿ ಹೆಣ್ಣು ಕೆಲಸದ ಹೆಸರಿನಿಂದ ಯಾವತ್ತೂ ನಿಲ್ಲಲೇ ಇಲ್ಲವೆ? ನಿಂತಿದ್ದಾಳೆ. ಅದೂ ಮೊದಲಿಗೇ, 12ನೇ ಶತಮಾನದಲ್ಲೇ.

ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ. ಈ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ. ಬಿದ್ದ ಅಕ್ಕಿ ಆಯುವುದು, ಕದಿರಲ್ಲಿ ನೂಲು ತೆಗೆಯುವುದು, ಕೂಲಿಗೆ ಭತ್ತ ಕುಟ್ಟುವುದು. ಹೆಸರಿನ ಮುಂದೆಯೇ ಕೆಲಸ ನಿಂತಿದೆ. ಇವರು ಯಾರ ತಾಯಿ, ಎಷ್ಟು ಮಕ್ಕಳನ್ನು ಹೆತ್ತರು ಎಂದು ಇವರ ವಚನ ಕೇಳುವುದಿಲ್ಲ. ಸೋಮಮ್ಮನದು ನಮಗೆ ಸಿಕ್ಕಿರುವುದು ಒಂದೇ ವಚನ. ಹದ ತಪ್ಪಿ ಕುಟ್ಟಿದರೆ ನುಚ್ಚಾದೀತೇ ಹೊರತು ಅಕ್ಕಿ ಸಿಗದು ಎಂದು ಅವಳು ಶುರು ಮಾಡುತ್ತಾಳೆ. ಅಲ್ಲಿಂದ ವ್ರತದ ಮಾತಿಗೆ ಹೋಗುತ್ತಾಳೆ. ವ್ರತದ ಮಾತನ್ನು ಪಂಡಿತರು ವಿವರಿಸಿದ್ದಾರೆ. ಆದರೆ ಮೊದಲ ಮಾತು ಎಲ್ಲಿಂದ ಬಂತು? ಒನಕೆ ಹಿಡಿದ ಕೈಯಿಂದ ಬಂತು. ಭತ್ತ ಎಷ್ಟು ಒಣಗಬೇಕು, ಒನಕೆ ಎಷ್ಟು ಭಾರ ಬೀಳಬೇಕು ಎಂಬ ತಿಳಿವಳಿಕೆ ಶಾಸ್ತ್ರದಲ್ಲಿ ಇಲ್ಲ. ಕುಟ್ಟುವವಳ ತೋಳಿನಲ್ಲಿದೆ. ಆ ತಿಳಿವಳಿಕೆಯನ್ನೇ ಅವಳು ವಿಚಾರದ ಅಳತೆಗೋಲು ಮಾಡಿಕೊಂಡಳು.

ರೆಮ್ಮವ್ವೆ ಇನ್ನೂ ಮುಂದೆ ಹೋದಳು. ತಾನು ತಿರುಗಿಸುವ ರಾಟೆಯ ಕುಲಜಾತಿ ಯಾವುದು ಕೇಳಿ ಎಂದು ಸವಾಲು ಹಾಕಿ, ರಾಟೆಯ ಒಂದೊಂದು ಭಾಗಕ್ಕೂ ದೊಡ್ಡ ದೊಡ್ಡ ದೇವರ ಹೆಸರಿಟ್ಟಳು. ಬ್ರಹ್ಮನನ್ನು ಅಡಿಯ ಹಲಗೆ ಮಾಡಿ ಹಾಕಿದಳು! ಕಸ ಗುಡಿಸುವ ಕಾಯಕದ ಸತ್ಯಕ್ಕ ದಾರಿಯಲ್ಲಿ ಚಿನ್ನ ಬಿದ್ದಿದ್ದರೂ ಕೈಯಿಂದ ಮುಟ್ಟುವುದಿಲ್ಲ ಎಂದಳು. ಗಂಡ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ನಮಗೆ ಇಷ್ಟೇಕೆ, ವಾಪಸ್ಸು ಸುರಿದು ಬಾ ಎಂದಳು. ದುಡಿಮೆಗೆ ಎಷ್ಟು ಸಲ್ಲಬೇಕು, ಎಲ್ಲಿಂದ ಆಚೆಗೆ ಅದು ಆಸೆ ಆಗುತ್ತದೆ ಎಂಬ ಲೆಕ್ಕ ಇವರಿಗೆ ಗೊತ್ತಿತ್ತು. ಇದು ತ್ಯಾಗದ ಮಾತಲ್ಲ, ದುಡಿದವರ ಮರ್ಯಾದೆಯ ಮಾತು.

ಹಾಗೆಂದು ಶರಣರ ಕಾಲವನ್ನು ಹೆಣ್ಣಿನ ಸ್ವರ್ಗ ಎಂದು ನಾವು ಕುಣಿಯಬೇಕಾಗಿಲ್ಲ. ಲಕ್ಕಮ್ಮನ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ದೇವರ ಹೆಸರು ಹೇಳುವಾಗಲೂ ಗಂಡನ ಹೆಸರು ದಾಟಿಯೇ ಹೋಗಬೇಕಾಯಿತು. ಆದರೂ ಆಕೆಯ ಹೆಸರಿನ ಮುಂದೆ ಆಯ್ದ ಅಕ್ಕಿ ಉಳಿಯಿತು. ನಮ್ಮ ಶಾಲೆಗಳಲ್ಲಿ ಕಾಯಕವೇ ಕೈಲಾಸ ಎಂದು ಗೋಡೆಯ ಮೇಲೆ ಬರೆಸುತ್ತಾರೆ. ಆ ಗೋಡೆಯ ಕೆಳಗೆ ದಿನಾ ಕಸ ಗುಡಿಸುವ ಆಯಾಳ ಹೆಸರು ಎಷ್ಟು ಜನ ಮೇಷ್ಟ್ರಿಗೆ ಗೊತ್ತು?

ಮುಂದೆ ಐನೂರು ವರ್ಷ ದಾಟಿ ಸಂಚಿ ಹೊನ್ನಮ್ಮನ ಹತ್ತಿರ ಬರೋಣ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗ ಅವಳದು. ಅವಳ ಹೆಸರಿನಲ್ಲೂ ಕೆಲಸ ಇದೆ. ಆದರೆ ಅವಳು ಬರೆದ ಪುಸ್ತಕ ಹದಿಬದೆಯ ಧರ್ಮ. ಹದಿಬದೆ ಅಂದರೆ ಪತಿವ್ರತೆ. ಸ್ವಂತ ದುಡಿಮೆಯ ಅನ್ನ ಉಂಡವಳ ಕೈಯಿಂದ ಅರಮನೆ ಗಂಡನ ಸೇವೆಯ ಶಾಸ್ತ್ರ ಬರೆಸಿತು. ಆ ಶಾಸ್ತ್ರದ ಮಧ್ಯದಲ್ಲೇ ಅವಳು, ಹೆತ್ತವಳೂ ಹೆಣ್ಣು ತಾನೆ, ಮತ್ತೆ ಹೆಣ್ಣೆಂದರೆ ಯಾಕಿಷ್ಟು ತಾತ್ಸಾರ ಎಂದು ಕೇಳಿಬಿಟ್ಟಳು. ಆ ಪ್ರಶ್ನೆಯನ್ನು ಎಲ್ಲ ವೇದಿಕೆಗಳಲ್ಲೂ ಹೇಳುತ್ತಾರೆ. ಆದರೆ ಪ್ರಶ್ನೆಯ ಕಟ್ಟು ನೋಡಿ: ಹೆಣ್ಣಿಗೆ ಮರ್ಯಾದೆ ಕೇಳಬೇಕಾದರೂ ಹೆತ್ತ ಹೊಟ್ಟೆಯನ್ನೇ ತೋರಿಸಬೇಕಾಯಿತು. ಸಂಚಿ ಹಿಡಿದ ಕೈಯನ್ನು ತೋರಿಸುವ ಹಾಗಿರಲಿಲ್ಲ. ಕೆಲಸದ ಹೆಸರು ಹಿಂದಕ್ಕೆ ಸರಿದು ಸಂಬಂಧದ ಹೆಸರು ಮುಂದಕ್ಕೆ ಬಂದ ಜಾಗ ಇದು.

ಅರಮನೆಯ ಆಚೆ ಹಳ್ಳಿಗಳಲ್ಲಿ ಬೀಸುವ ಕಲ್ಲಿನ ಮುಂದೆ ಇನ್ನೊಂದು ಕಾವ್ಯ ಹುಟ್ಟುತ್ತಲೇ ಇತ್ತು. ಬೆಳಕು ಹರಿಯುವ ಮುಂಚೆ ಇಬ್ಬರು ಹೆಂಗಸರು ಎದುರುಬದರು ಕೂತು ಒಂದೇ ಗೂಟ ಹಿಡಿದು ತಿರುಗಿಸುವ ಕಲ್ಲು. ತ್ರಿಪದಿಯ ನಡೆ ಆ ತೋಳಿನ ಸುತ್ತಿನ ನಡೆ. ಉಸಿರು ಎಲ್ಲಿ ತಿರುಗಬೇಕೋ ಸಾಲು ಅಲ್ಲಿ ತಿರುಗುತ್ತದೆ. ಛಂದಸ್ಸಿನ ಪಂಡಿತರು ಅಂಶಗಣ ಎಣಿಸಿದರು. ಕಲ್ಲಿನ ಸುತ್ತು ಎಣಿಸಿದವರು ಕಡಿಮೆ. ಈ ಹಾಡುಗಳಲ್ಲಿ ಹೆಂಗಸು ಕಲ್ಲನ್ನು ಮಾತಾಡಿಸುತ್ತಾಳೆ, ಕಾಳನ್ನು ಮಾತಾಡಿಸುತ್ತಾಳೆ. ತವರಿನ ನೆನಪು, ಅಣ್ಣತಮ್ಮಂದಿರ ದಾರಿ ಕಾಯೋದು, ಅತ್ತೆಯ ಕಾಟ, ಬಂಜೆ ಎನ್ನಿಸಿಕೊಂಡ ಸಂಕಟ ಎಲ್ಲವೂ ಹಿಟ್ಟಿನ ಜೊತೆ ಉದುರುತ್ತವೆ. ದಣಿವನ್ನು ಅವಳು ಮುಚ್ಚಿಡುವುದಿಲ್ಲ. ಯಾಕೆಂದರೆ ಎದುರಿಗೆ ಕೂತವಳೂ ದಣಿದವಳೇ. ಕೇಳುವವಳೂ ದುಡಿಯುವವಳೇ ಆದಾಗ ತ್ಯಾಗದ ವೇಷಕ್ಕೆ ಜಾಗ ಇರುವುದಿಲ್ಲ.

ಈ ಹಾಡುಗಳನ್ನು ಕೂಡಿಟ್ಟ ಪುಣ್ಯ ಹಲಸಂಗಿಯ ಗೆಳೆಯರದು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಊರೂರು ತಿರುಗಿ ಸಂಗ್ರಹಿಸದಿದ್ದರೆ ನಮಗೆ ಇವು ದಕ್ಕುತ್ತಿರಲಿಲ್ಲ. ಅವರ ಋಣವನ್ನು ನೆನೆದೇ ಒಂದು ಮಾತು ಹೇಳಬೇಕು. 1931ರಲ್ಲಿ ಆ ಪುಸ್ತಕ ಬಂದಾಗ ಅದಕ್ಕೆ ಗರತಿಯ ಹಾಡು ಎಂದು ಹೆಸರಾಯಿತು. ಬೀಸುವವಳ ಹಾಡು ಆಗಲಿಲ್ಲ, ಕುಟ್ಟುವವಳ ಹಾಡು ಆಗಲಿಲ್ಲ. ಗರತಿ ಅಂದರೆ ಮಾನವಂತ ಗೃಹಿಣಿ. ಹಾಡಿದ ಬಾಯಿಗೆ ಹೆಸರಿಡುವಾಗ ಅದರ ಶೀಲ ಕಂಡಿತು, ತೋಳು ಕಾಣಲಿಲ್ಲ. ಅಚ್ಚಿನ ಲೋಕಕ್ಕೆ ಬರಬೇಕಾದರೆ ಬೀಸುವವಳು ಗರತಿಯ ಸೆರಗು ಹೊದ್ದುಕೊಂಡೇ ಬರಬೇಕಾಯಿತು.

ಆಮೇಲೆ ಗಿರಣಿ ಬಂತು. ಬೀಸುವ ಕಲ್ಲು ಹಿತ್ತಲಿಗೆ ಬಿತ್ತು. ಹಾಡು ಹೋಯಿತಲ್ಲ ಎಂದು ಮರುಗುವ ವಿದ್ವಾಂಸರು ಈಗಲೂ ಇದ್ದಾರೆ. ಹಾಡು ಹೋದದ್ದು ನಷ್ಟವೇ ಸರಿ. ಆದರೆ ಎಷ್ಟೋ ಲಕ್ಷ ತೋಳುಗಳಿಗೆ ನಸುಕಿನಲ್ಲಿ ಒಂದು ಜಾವ ಬಿಡುವು ಸಿಕ್ಕಿದ್ದನ್ನು ಅದೇ ಉಸಿರಿನಲ್ಲಿ ಯಾಕೆ ಹೇಳುವುದಿಲ್ಲ? ಹಾಡು ಬೇಕು ಎನ್ನುವವರು ಕಲ್ಲು ತಿರುಗಿಸುವ ಸರದಿಗೂ ಕೂರಬೇಕು.

ಇನ್ನು ಅಕ್ಷರ ಕಲಿತ ಕವಿಗಳ ಕಾಲ. ಜಿ.ಎಸ್. ಶಿವರುದ್ರಪ್ಪನವರ ‘ಸ್ತ್ರೀ’ ಕವಿತೆಯನ್ನು ಹಾಡಾಗಿ ಕೇಳದ ಕನ್ನಡಿಗರು ಕಡಿಮೆ. ಆಕಾಶ, ಬೆಟ್ಟ, ಹಸಿರು ಎಲ್ಲದರಲ್ಲೂ ಹೆಣ್ಣನ್ನೇ ಕಂಡ ಕವಿತೆ ಅದು. ಹೊತ್ತುಹೊತ್ತಿಗೆ ಅನ್ನ ಇಟ್ಟವಳನ್ನೂ ಅದು ನೆನೆಯುತ್ತದೆ. ಕೊನೆಗೆ ಅವಳಿಗೆ ಇನ್ನೊಂದು ಹೆಸರು ಬೇಕಾದೀತೆ ಎಂದು ಕೇಳುತ್ತದೆ. ಕವಿಯ ಮನಸ್ಸು ದೊಡ್ಡದು, ಅನುಮಾನವಿಲ್ಲ. ಆ ಪ್ರಶ್ನೆಗೆ ನಮ್ಮ ಉತ್ತರ ಮಾತ್ರ ಬೇರೆ. ಬೇಕು ಸ್ವಾಮಿ, ಇನ್ನೊಂದು ಹೆಸರು ಖಂಡಿತ ಬೇಕು. ಸೂಲಗಿತ್ತಿ, ಬೀಡಿ ಕಟ್ಟುವವಳು, ಇಟ್ಟಿಗೆ ಹೊರುವವಳು, ಗಾರ್ಮೆಂಟ್ಸಿನ ಟೈಲರ್, ಪೌರಕಾರ್ಮಿಕಳು. ಹೆಣ್ಣನ್ನು ಪ್ರಕೃತಿ ಮಾಡಿದಿರೋ, ಅಲ್ಲಿಗೆ ಕತೆ ಮುಗಿಯಿತು. ಹಸಿರು ಉಕ್ಕಿಸುವುದಕ್ಕೆ ನೆಲ ದಿನಗೂಲಿ ಕೇಳುವುದಿಲ್ಲ. ಹೊಳೆ ಹರಿಯುವುದಕ್ಕೆ ಪಿಂಚಣಿ ಕೇಳುವುದಿಲ್ಲ.

ಲಂಕೇಶರ ‘ಅವ್ವ’ ಈ ಹಾದಿಯಲ್ಲಿ ದೊಡ್ಡ ಜಿಗಿತ. ಅದನ್ನು ಓದಿದ ಮೇಲೆ ಕನ್ನಡದಲ್ಲಿ ತಾಯಿಯ ಬಗ್ಗೆ ಹಳೇ ರಾಗದಲ್ಲಿ ಬರೆಯುವುದಕ್ಕೆ ನಾಚಿಕೆ ಆಗಬೇಕು. ಆ ಅವ್ವ ಸಾವಿತ್ರಿಯೂ ಅಲ್ಲ, ಜಾನಕಿಯೂ ಅಲ್ಲ ಎಂದು ಕವಿ ನೇರವಾಗಿ ಹೇಳಿದರು. ದೇವರ ಪೂಜೆ, ಹರಿಕತೆಗಳ ಗೊಡವೆ ಅವಳಿಗಿಲ್ಲ. ಭಾರ ಎತ್ತುವ ಕಸುವಿನವಳು, ಜಗಳಗಂಟಿ, ಕಾಳುಕಡಿಯ ಲೆಕ್ಕದವಳು, ಸರೀಕರ ಎದುರು ಸೋಲದೆ ಬದುಕಬೇಕೆಂಬ ಹಟದವಳು. ಪುರೋಹಿತಶಾಹಿ ಕಟ್ಟಿದ ಮಾತೃದೇವತೆಯ ಗುಡಿಯನ್ನು ಒಂದೇ ಕವಿತೆ ಒಡೆದು ಹಾಕಿತು. ಅಲ್ಲಿ ಮೈ ಇದೆ, ಮಣ್ಣಿದೆ, ದುಡಿತವಿದೆ.

ಇಷ್ಟಾಗಿಯೂ ಆ ಕವಿತೆ ಅವಳನ್ನು ಫಲವತ್ತಾದ ಕಪ್ಪು ನೆಲಕ್ಕೆ ಹೋಲಿಸಿಯೇ ಮುಂದೆ ಹೋಗುತ್ತದೆ. ಕೊನೆಗೆ ಮಗ ಕೃತಜ್ಞತೆ ಸಲ್ಲಿಸುವುದು ಹೆತ್ತದ್ದಕ್ಕೆ ಮತ್ತು ಸಾಕಿದ್ದಕ್ಕೆ. ಅವಳು ತಣ್ಣಗೆ, ಹೊಲಕ್ಕೆ ಹೊರಟವಳ ಹಾಗೆ, ಸಾವಿಗೆ ಹೊರಟುಹೋದದ್ದಕ್ಕೆ. ಎಷ್ಟು ನಿಜವಾದ ಕಣ್ಣೀರು ಅದು! ಆದರೆ ಅದು ಮಗನ ಕಣ್ಣೀರು. ಮಗನ ಕಣ್ಣಿಗೆ ಅವಳ ದುಡಿಮೆ ತನ್ನ ಕಡೆ ಹರಿದು ಬಂದಷ್ಟು ಮಾತ್ರ ಕಾಣುತ್ತದೆ. ಅವಳು ತನಗಾಗಿ ಏನು ಬಯಸಿದಳು? ಯಾವ ದಿನ ಸಾಕು ಅನ್ನಿಸಿತು? ಇದನ್ನು ಮಗ ಕೇಳಿರುವುದಿಲ್ಲ. ನಮ್ಮಲ್ಲಿ ತಾಯಿಯ ಕವಿತೆ ಬಹುಪಾಲು ಅವಳು ಸತ್ತ ಮೇಲೆ ಹುಟ್ಟುತ್ತದೆ ಎನ್ನುವುದು ಗಮನಿಸಬೇಕಾದ ಸಂಗತಿ. ಬದುಕಿದ್ದಾಗ ಕವಿತೆ ಬರೆದರೆ ಪಾತ್ರೆ ತೊಳೆಯಬೇಕಾದೀತು.

ಈಗ ನಮ್ಮ ಮನೆಯ ಮಾತು. ದಲಿತ ಬಂಡಾಯ ಕಾವ್ಯದ ಮಾತು.

ಸಿದ್ಧಲಿಂಗಯ್ಯನವರ ಹೊಲೆಮಾದಿಗರ ಹಾಡು 1975ರಲ್ಲಿ ಬಂದಾಗ ಕನ್ನಡ ಕವಿತೆ ಮೊದಲ ಸಲ ಕೇರಿಯ ಉಸಿರನ್ನು ಉಸಿರಾಡಿತು. ಅವರ ‘ನನ್ನ ಜನಗಳು’ ಹಾಡನ್ನು ಜಾಥಾಗಳಲ್ಲಿ ಹಾಡುತ್ತಾ ಒಂದು ತಲೆಮಾರು ಬೆಳೆಯಿತು. ಕಲ್ಲು ಹೊರುವವರು, ಉತ್ತು ಬಿತ್ತುವವರು, ಚಿನ್ನ ತೆಗೆಯುವವರು, ಬಟ್ಟೆ ನೇಯುವವರು ಒಬ್ಬೊಬ್ಬರಾಗಿ ಅಲ್ಲಿ ಎದ್ದು ನಿಲ್ಲುತ್ತಾರೆ. ಜನರನ್ನು ಕೆಲಸದಿಂದಲೇ ಕರೆದ ಹಾಡು ಅದು. ಸೋಮಮ್ಮ, ರೆಮ್ಮವ್ವೆಯರ ಹೆಸರಿನ ದಾರಿ ಅಲ್ಲಿಗೆ ಬಂದು ಸೇರಿತು ಎಂದೇ ನಾನು ತಿಳಿಯುತ್ತೇನೆ. ಕನ್ನಡದಲ್ಲಿ ‘ಹೊತ್ತವರು’, ‘ಬಿತ್ತಿದವರು’ ಎಂದರೆ ಗಂಡೂ ಹೌದು, ಹೆಣ್ಣೂ ಹೌದು. ಈ ಬಹುವಚನದಲ್ಲಿ ನಮ್ಮ ಹೆಣ್ಣುಮಕ್ಕಳು ಸೇರಿದ್ದಾರೆ. ಸೇರಿದ್ದಾರೆ ಎನ್ನುವುದು ಅದರ ಬಲ. ಸೇರಿ ಕಾಣದೆ ಹೋಗಿದ್ದಾರೆ ಎನ್ನುವುದು ಅದರ ಮಿತಿ. ಆ ದುಡಿಮೆಗಳ ಸಾಲಿನಲ್ಲಿ ಹೊಲ ಇದೆ, ಗಣಿ ಇದೆ, ಮಗ್ಗ ಇದೆ, ಒಲೆ ಇಲ್ಲ. ಬಯಲಲ್ಲಿ ನಡೆಯುವ ದುಡಿಮೆಯನ್ನು ಶೋಷಣೆ ಎಂದು ಗುರುತಿಸಿದ ನಾವು ಒಲೆಯ ಮುಂದಿನದನ್ನು ಮತ್ತೆ ಅವ್ವನ ಪ್ರೀತಿಯ ಖಾತೆಗೇ ಬರೆದೆವು. ಆಮೇಲೆ ಬಂದ ಬಂಡಾಯದ ಎಷ್ಟೋ ಕವಿತೆಗಳಲ್ಲಿ ಅಪ್ಪ ಜೀತಗಾರ, ಅವ್ವ ಕಣ್ಣೀರು. ಅಪ್ಪನಿಗೆ ವೃತ್ತಿ ಇದೆ, ಅವ್ವನಿಗೆ ದುಃಖ ಇದೆ.

ನಿಜವಾಗಿ ನೋಡಿದರೆ ದಲಿತ ಹೆಣ್ಣಿನ ದುಡಿಮೆ ಮೂರು ಸಲ ಮರೆಯಾಗುತ್ತದೆ. ಮೇಲ್ಜಾತಿಯ ಮನೆಯ ಹೆಣ್ಣು ಗೋಡೆಯ ಹಿಂದೆ ದುಡಿಯುತ್ತಾಳೆ. ಗೋಡೆ ಇರುವುದರಿಂದ ಕಾಣುವುದಿಲ್ಲ. ನಮ್ಮ ಹೆಣ್ಣುಮಕ್ಕಳು ದುಡಿಯುವುದು ಊರಿನ ಕಣ್ಣೆದುರು. ಬೀದಿ ಗುಡಿಸುವುದು, ಗೊಬ್ಬರ ಹೊರುವುದು, ಗದ್ದೆಯ ಕೆಸರಲ್ಲಿ ಬಗ್ಗುವುದು. ಮುಚ್ಚುಮರೆ ಇಲ್ಲ. ಆದರೂ ಕಾಣುವುದಿಲ್ಲ, ಯಾಕೆಂದರೆ ಮುಟ್ಟಬಾರದ್ದನ್ನು ನೋಡಲೂಬಾರದು ಎಂದು ಊರು ಕಣ್ಣಿಗೆ ಕಲಿಸಿದೆ. ಹೆರಿಗೆಯ ಹೊತ್ತಿಗೆ ಒಳಗೆ ಕರೆದು, ಹೊಕ್ಕುಳ ಬಳ್ಳಿ ಕತ್ತರಿಸಿಕೊಂಡು, ಮೈಲಿಗೆ ಕಳೆದ ಮೇಲೆ ಅದೇ ಸೂಲಗಿತ್ತಿಯನ್ನು ಹೊಸ್ತಿಲಾಚೆ ನಿಲ್ಲಿಸಿದ ಮನೆಗಳು ಎಷ್ಟಿಲ್ಲ? ಇದು ಒಂದನೆಯ ಮರೆ. ಕೂಲಿ ಹಂಚುವಾಗ ಗಂಡಾಳಿಗೆ ಒಂದು, ಹೆಣ್ಣಾಳಿಗೆ ಒಂದು. 1976ರಲ್ಲೇ ಸಮಾನ ವೇತನದ ಕಾಯಿದೆ ಬಂದರೂ ಹೊಲದ ಬದುವಿನ ಮೇಲೆ ಹಳೆಯ ದರವೇ ನಡೆದುಕೊಂಡು ಬಂತು. ಇದು ಎರಡನೆಯ ಮರೆ. ಸಂಜೆ ಇಬ್ಬರೂ ಒಂದೇ ಗದ್ದೆಯಿಂದ ಮನೆಗೆ ಬರುತ್ತಾರೆ. ಅವನು ಜಗಲಿಯ ಮೇಲೆ ಕಾಲು ಚಾಚುತ್ತಾನೆ, ಅವಳು ಕೊಡ ತಗೊಂಡು ನೀರಿಗೆ ಹೋಗುತ್ತಾಳೆ. ಇದು ಮೂರನೆಯ ಮರೆ. ಮೊದಲ ಎರಡರ ಮೇಲೆ ನಾವು ಕವಿತೆ ಬರೆದೆವು, ಧಿಕ್ಕಾರ ಕೂಗಿದೆವು. ಮೂರನೆಯದರ ಮುಂದೆ ನಮ್ಮ ಖಡ್ಗ ಮೊಂಡಾಯಿತು. ಯಾಕೆಂದರೆ ಅಲ್ಲಿ ಜಗಲಿಯ ಮೇಲೆ ಕೂತವರು ನಾವೇ.

ನೆರೆಯ ಮರಾಠಿಯಿಂದ ನಮ್ಮ ಚಳವಳಿ ಬಹಳ ಕಲಿತಿದೆ. ಈ ವಿಷಯದಲ್ಲೂ ಕಲಿಯುವುದಿದೆ. ಜ್ಯೋತಿ ಲಾಂಜೇವಾರ್ ಅವರು ತಾಯಿಯ ಮೇಲೆ ಬರೆದ ‘ಆಯಿ’ ಎಂಬ ಕವಿತೆ ಇದೆ. ಬರೆದವಳು ಮಗಳು. ಆ ತಾಯಿ ರಸ್ತೆ ಕೆಲಸದಲ್ಲಿದ್ದಾಳೆ, ಕಟ್ಟಡದ ಕೆಲಸದಲ್ಲಿದ್ದಾಳೆ, ತಲೆಯ ಮೇಲೆ ಹೊರೆ ಇದೆ. ಮಗಳು ಒಂದೊಂದೇ ಕೆಲಸ, ಒಂದೊಂದೇ ಜಾಗ ಹೇಳುತ್ತಾ ಹೋಗುತ್ತಾಳೆ. ಇಲ್ಲಿ ನಿನ್ನನ್ನು ನೋಡಿದ್ದೇನೆ, ಅಲ್ಲಿ ನೋಡಿದ್ದೇನೆ ಎಂದು ಸಾಕ್ಷಿ ನುಡಿಯುವ ಹಾಗೆ. ಆಮೇಲೆ ಅದೇ ತಾಯಿ ಸೆರಗು ಸೊಂಟಕ್ಕೆ ಕಟ್ಟಿಕೊಂಡು ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬರ ಹೆಸರಿಡಬೇಕೆಂಬ ಮೆರವಣಿಗೆಯ ಮುಂದಿನ ಸಾಲಿನಲ್ಲಿ ಕಾಣುತ್ತಾಳೆ. ಆ ಹೋರಾಟ 1978ರಲ್ಲಿ ಭುಗಿಲೆದ್ದು ಹೆಸರು ಬದಲಾಗುವ ಹೊತ್ತಿಗೆ 1994 ಆಯಿತು. ದುಡಿಮೆಯಿಂದ ನೇರ ಹೋರಾಟಕ್ಕೆ ದಾಟಿದ ತಾಯಿ ಅವಳು. ಮಗನ ಕಣ್ಣಿಗೆ ಕಂಡದ್ದು ಸತ್ತವಳ ತಾಳ್ಮೆ. ಮಗಳ ಕಣ್ಣಿಗೆ ಕಂಡದ್ದು ಬದುಕಿದವಳ ನಡೆ.

ಕನ್ನಡದಲ್ಲೂ 1980ರ ದಶಕದಲ್ಲಿ ಹೆಣ್ಣುಮಕ್ಕಳೇ ಮಾತಿಗೆ ನಿಂತರು. ಸ. ಉಷಾ ಅವರ ತೊಗಲುಗೊಂಬೆಯ ಆತ್ಮಕತೆ 1981ರಲ್ಲಿ, ಪ್ರತಿಭಾ ನಂದಕುಮಾರ್ ಅವರ ನಾವು ಹುಡುಗಿಯರೇ ಹೀಗೆ 1983ರಲ್ಲಿ ಬಂದವು. ಈ ಹೆಸರುಗಳಲ್ಲಿ ತಾಯಿ ಇಲ್ಲ, ಗರತಿ ಇಲ್ಲ. ಒಂದರಲ್ಲಿ ಆಡಿಸಿದಂತೆ ಆಡಿದ ಗೊಂಬೆಯೇ ತನ್ನ ಕತೆ ಹೇಳಲು ಕೂತಿದೆ. ಇನ್ನೊಂದರಲ್ಲಿ ‘ನಾವು’ ಎಂಬ ಮಾತು ಬಂದಿದೆ. ಮುಂದೆ ದು. ಸರಸ್ವತಿಯವರಂಥವರು ಕವಿತೆ ಬರೆಯುತ್ತಲೇ ಪೌರಕಾರ್ಮಿಕ ಹೆಣ್ಣುಮಕ್ಕಳ ಹೋರಾಟದಲ್ಲೂ ನಿಂತರು. ಸಣ್ತಿಮ್ಮಿ ಎಂಬ ಹಳ್ಳಿ ಹೆಂಗಸಿನ ಬಾಯಲ್ಲಿ ರಾಮಾಯಣವನ್ನೇ ಹೇಳಿಸಿದರು. ಇದೆಲ್ಲ ಮಹಿಳಾ ಸಾಹಿತ್ಯ ಎಂಬ ಪ್ರತ್ಯೇಕ ಕಪಾಟಿನಲ್ಲಿ ಇಡುವ ವಸ್ತುವಲ್ಲ. ದುಡಿಮೆಯ ಕಾವ್ಯ ಎಂದು ನಾವು ಹೇಳಿಕೊಳ್ಳುವುದರ ಬಿಟ್ಟುಹೋದ ಅರ್ಧ.

ಇಲ್ಲಿ ಕೆಲವು ಗೆಳೆಯರು ಎದ್ದು ಕೇಳಬಹುದು: ಕವಿತೆ ಅಂದರೆ ಕೂಲಿಪಟ್ಟಿಯೇನ್ರಿ? ತಾಯಿಗೆ ಕೈ ಮುಗಿಯೋದೂ ತಪ್ಪೆ? ತಪ್ಪಲ್ಲ. ಆದರೆ ಕೈ ಮುಗಿಯುವುದಕ್ಕೆ ಖರ್ಚಿಲ್ಲ ಎನ್ನುವುದನ್ನು ಮರೆಯಬೇಡಿ. ನಮ್ಮ ಕೇರಿಯವರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ನಮ್ಮನ್ನು ಹರಿಜನ ಎಂದು ಕರೆದು ದೇವರ ಮಕ್ಕಳು ಮಾಡಿದರು. ಹೆಸರು ದೊಡ್ಡದಾಯಿತು, ಬಾವಿಯ ನೀರು ಸಿಗಲಿಲ್ಲ. ಆ ಹೆಸರನ್ನು ನಾವು ಯಾಕೆ ಬಿಸಾಕಿದೆವೋ ಅದೇ ಕಾರಣಕ್ಕೆ ತ್ಯಾಗಮಯಿ ಎಂಬ ಹೆಸರನ್ನೂ ಬಿಸಾಕಬೇಕು. ಹಕ್ಕು ಕೊಡದೆ ಕೊಡುವ ಹೊಗಳಿಕೆ ಒಂದು ಬಗೆಯ ಬಾಯಿಮುಚ್ಚಿಸುವಿಕೆ.

ಅಂಬೇಡ್ಕರ್ ಈ ವಿಷಯದಲ್ಲಿ ಕವಿಗಳಿಗಿಂತ ಮುಂದಿದ್ದರು. 1928ರಲ್ಲಿ ಬೊಂಬಾಯಿಯ ಶಾಸನ ಪರಿಷತ್ತಿನಲ್ಲಿ ಕಾರ್ಖಾನೆಯ ಹೆಣ್ಣಾಳುಗಳಿಗೆ ಹೆರಿಗೆ ಭತ್ಯೆ ಕೊಡುವ ಮಸೂದೆ ಬಂದಾಗ ಅವರು ಅದರ ಪರವಾಗಿ ನಿಂತರು. ಹೆರಿಗೆಯ ಹಿಂದುಮುಂದಿನ ದಿನಗಳಲ್ಲಿ ತಾಯಿಗೆ ವಿರಾಮ ಸಿಗುವುದು ನಾಡಿನ ಹಿತ. ಅದರ ಭಾರವನ್ನು ದುಡಿಸಿಕೊಂಡು ಲಾಭ ಮಾಡಿದ ಮಾಲೀಕನೂ ಸರ್ಕಾರವೂ ಹೊರಬೇಕು ಎಂಬುದು ಅವರ ವಾದ. ಮರುವರ್ಷ ಅದು ಕಾಯಿದೆ ಆಯಿತು. ನೋಡಿ, ಇಲ್ಲಿ ತಾಯ್ತನ ದೀಪವೂ ಅಲ್ಲ, ಗಂಧದ ಕೊರಡೂ ಅಲ್ಲ. ಅದಕ್ಕೆ ದಿನಗಳಿವೆ, ಹಣವಿದೆ, ಕೊಡಬೇಕಾದವರು ಇದ್ದಾರೆ. ತ್ಯಾಗ ಎಂದು ಕರೆದಾಗ ಯಾರೂ ಸಾಲಗಾರರಲ್ಲ. ದುಡಿಮೆ ಎಂದು ಕರೆದ ಕೂಡಲೆ ಯಾರೋ ಒಬ್ಬರು ಬಾಕಿ ಕೊಡಬೇಕಾಗುತ್ತದೆ. ಕವಿತೆಯಲ್ಲಿ ಈ ಬಾಕಿ ಕಾಣಬೇಕು ಎನ್ನುವುದಷ್ಟೇ ನನ್ನ ಮಾತು.

ಆದ್ದರಿಂದ ಹೆಣ್ಣಿನ ಮೇಲಿನ ಯಾವುದೇ ಕವಿತೆಯನ್ನು ಕೈಗೆತ್ತಿಕೊಂಡಾಗ ನಾವು ಮೂರು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಳ್ಳೋಣ. ಈ ಕವಿತೆಯಲ್ಲಿ ಅವಳ ಕೈಯಲ್ಲಿ ಏನಿದೆ? ಅವಳು ದುಡಿದದ್ದು ಯಾರ ಹೊಟ್ಟೆಗೆ, ಯಾರ ಜೇಬಿಗೆ ಹೋಯಿತು? ಅವಳು ಒಂದು ಸಲವಾದರೂ ಬೇಡ, ಆಗೋದಿಲ್ಲ ಅಂದಳೆ? ಮೂರಕ್ಕೂ ಉತ್ತರ ಇಲ್ಲದ ಕವಿತೆ ಎಷ್ಟೇ ಕಣ್ಣೀರು ತರಿಸಲಿ, ಅದು ವ್ಯವಸ್ಥೆಯ ಪರವಾಗಿಯೇ ದುಡಿಯುತ್ತಿದೆ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಸಲಹೆ ಇದೆ. ‘ನನ್ನ ತಾಯಿ’ ಎಂದು ಪ್ರಬಂಧ ಬರೆಸುವಾಗ ದೇವರು, ದೀಪ, ಕರುಣೆ ಈ ಮಾತುಗಳನ್ನು ಬಿಟ್ಟು ಬರೆಯಿರಿ ಎಂದು ಮಕ್ಕಳಿಗೆ ಹೇಳಿ. ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಅವ್ವ ಏನೇನು ಕೆಲಸ ಮಾಡಿದಳು, ಎಷ್ಟು ಕೊಡ ನೀರು, ಎಷ್ಟು ದೂರ, ಎಷ್ಟು ಕೂಲಿ, ಮನೆಯಲ್ಲಿ ಯಾರು ಕೈ ಜೋಡಿಸಿದರು ಎಂದು ಬರೆಸಿ. ಅವಳ ಹೆಸರನ್ನೂ ಬರೆಸಿ. ತಾಯಿಯ ಹೆಸರು ಬರೆಯಲು ತಡಕಾಡುವ ಮಕ್ಕಳು ಸಿಗುತ್ತಾರೆ. ವಿದ್ಯಾರ್ಥಿ ಗೆಳೆಯರು ಅಜ್ಜಿಯರ ಹತ್ತಿರ ಕೂತು ಬೀಸುವ ಹಾಡು ಬರೆದುಕೊಳ್ಳುವಾಗ ಹಾಡಿದವಳ ಹೆಸರು, ಅವಳು ಮಾಡಿದ ಕೆಲಸ, ಅವಳಿಗೆ ಸಿಕ್ಕ ಕೂಲಿ ಇಷ್ಟನ್ನೂ ಬರೆದುಕೊಳ್ಳಿ.

ಸಂಘಟನೆಯ ಗೆಳೆಯರಿಗೆ ಇನ್ನೊಂದು ಮಾತು. ಊರೂರಿನ ನಮ್ಮ ಸಭೆ, ಶಿಬಿರ, ಜಾಥಾಗಳ ವರದಿಯಲ್ಲಿ ಭಾಷಣ ಮಾಡಿದವರ ಹೆಸರಿದೆ, ಹಾಡಿದವರ ಹೆಸರಿದೆ, ತಮಟೆ ಬಡಿದವರ ಹೆಸರೂ ಇದೆ. ರಾತ್ರಿ ಹತ್ತು ಗಂಟೆಗೆ ಬಂದಿಳಿದ ಇಪ್ಪತ್ತು ಜನಕ್ಕೆ ರೊಟ್ಟಿ ತಟ್ಟಿದವರ ಹೆಸರು ಯಾವ ವರದಿಯಲ್ಲಿದೆ? ಅವರು ಒಳಗೆ ಹೊಗೆಯಲ್ಲಿ ಕೂತಿದ್ದಾಗ ಹೊರಗೆ ನಾವು ದುಡಿಯುವ ವರ್ಗದ ವಿಮೋಚನೆಯ ಮೇಲೆ ಚರ್ಚೆ ಮಾಡುತ್ತಿದ್ದೆವು. ಮುಂದಿನ ಶಿಬಿರದಲ್ಲಿ ಸರದಿಯ ಪ್ರಕಾರ ಗಂಡಸರು ಒಲೆ ಮುಂದೆ ಕೂರಲಿ, ಹೆಂಗಸರು ಚರ್ಚೆಗೆ ಬಂದು ಕೂರಲಿ. ಆಮೇಲೆ ಬರೆಯುವ ಅವ್ವನ ಕವಿತೆಯಲ್ಲಿ ಮೇಣದಬತ್ತಿ ತಾನಾಗಿಯೇ ಆರಿಹೋಗುತ್ತದೆ.